ಬ್ರೆಜಿಲ್‌ನ ಟೊಮೆ-ಅಸೂ: ಕಾಳುಮೆಣಸಿನಿಂದ ಮೇಲೆದ್ದು, ಅದರಿಂದಲೇ ಬಿದ್ದು, ಮತ್ತೆ ನಿಂತ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಳುಮೆಣಸು ಬೆಳೆಯುವವರ ಎದುರು ಟೊಮೆ-ಅಸೂ ಮಾತು ತೆಗೆದರೆ ಸಾಕು, ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಅಮೆಜಾನ್ ಕಾಡಿನ ನಡುವೆ ಮೆಣಸು ಹೇಗೆ ಬಂತು? ಅಲ್ಲಿ ಜಪಾನಿನವರಿಗೇನು ಕೆಲಸ? ರೋಗ ಬಂದು ತೋಟವೆಲ್ಲ ಸತ್ತ ಮೇಲೆ ಜನ ಏನು ಮಾಡಿದರು? ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಟೊಮೆ-ಅಸೂ ಎಲ್ಲಿದೆ? ಎಷ್ಟು ದೊಡ್ಡ ಊರು?

ಬ್ರೆಜಿಲ್‌ನ ಉತ್ತರದಲ್ಲಿ ಪರಾ ಅನ್ನುವ ರಾಜ್ಯವಿದೆ. ಅದರ ರಾಜಧಾನಿ ಬೆಲೆಂ. ಅಲ್ಲಿಂದ ದಕ್ಷಿಣಕ್ಕೆ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರ್ ಹೋದರೆ ಟೊಮೆ-ಅಸೂ ಸಿಗುತ್ತದೆ. ವಿಸ್ತೀರ್ಣ 5,100 ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ನಮ್ಮ ಕೊಡಗು ಜಿಲ್ಲೆಗಿಂತ ದೊಡ್ಡದು. ಆದರೆ ಜನ ಕಡಿಮೆ. 2010ರ ಜನಗಣತಿಯಲ್ಲಿ 56,518 ಮಂದಿ ಇದ್ದರು. 2022ರ ಹೊತ್ತಿಗೆ ಅದು 67 ಸಾವಿರದ ಆಸುಪಾಸಿಗೆ ಬಂದಿದೆ. ವರ್ಷಕ್ಕೆ 2,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ವರ್ಷವಿಡೀ ಸೆಕೆ. ಡಿಸೆಂಬರಿನಿಂದ ಮೇ ತನಕ ಜೋರು ಮಳೆಗಾಲ.

ಅಲ್ಲಿನ ‘ಮುನಿಸಿಪಿಯು’ ಅಂದರೆ ನಮ್ಮ ಪುರಸಭೆ ಥರಾನಾ?

ಪೂರ್ತಿ ಹಾಗಲ್ಲ. ಬ್ರೆಜಿಲ್‌ನಲ್ಲಿ ಒಂದು ಮುನಿಸಿಪಿಯು ಅಂದರೆ ಪೇಟೆಯೂ ಸೇರಿತು, ಸುತ್ತಲಿನ ಹಳ್ಳಿ, ಹೊಲ, ಕಾಡು ಎಲ್ಲವೂ ಸೇರಿತು. ನಮ್ಮ ತಾಲೂಕಿನ ಗಡಿ, ಅದಕ್ಕೆ ಪುರಸಭೆಯ ಅಧಿಕಾರ ಅಂದುಕೊಂಡರೆ ಹತ್ತಿರ ಬರುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಜನ ನೇರವಾಗಿ ಮೇಯರನ್ನು ಆರಿಸುತ್ತಾರೆ. ಸದಸ್ಯರ ಸಭೆಯೂ ಇರುತ್ತದೆ. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಒಳರಸ್ತೆ ಇವೆಲ್ಲ ಅವರ ಹೊಣೆ. ಇಡೀ ದೇಶದಲ್ಲಿ ಇಂಥವು 5,500ಕ್ಕೂ ಹೆಚ್ಚಿವೆ. ಟೊಮೆ-ಅಸೂ ಮೊದಲು ಅಕರಾ ಅನ್ನುವ ಮುನಿಸಿಪಿಯುವಿನ ಭಾಗವಾಗಿತ್ತು. 1959ರಲ್ಲಿ ಬೇರೆಯಾಯಿತು. ಮೆಣಸಿನ ದುಡ್ಡು ಹರಿಯುತ್ತಿದ್ದ ಕಾಲದಲ್ಲೇ ಈ ಊರು ಸ್ವತಂತ್ರವಾಯಿತು ಅನ್ನುವುದನ್ನು ನೆನಪಿಡಬೇಕು.

ಜಪಾನಿನ ಜನ ಅಲ್ಲಿಗೆ ಯಾಕೆ ಹೋದರು?

1920ರ ದಶಕದಲ್ಲಿ ಜಪಾನಿನಲ್ಲಿ ಜಮೀನು ಕಡಿಮೆ, ಜನ ಜಾಸ್ತಿ. ಪರಾ ರಾಜ್ಯದಲ್ಲಿ ಇದಕ್ಕೆ ತಿರುಗಾಮುರುಗಾ. ರಬ್ಬರ್ ವ್ಯಾಪಾರ ಕುಸಿದು ರಾಜ್ಯದ ಖಜಾನೆ ಬರಿದಾಗಿತ್ತು. ಜಮೀನು ಬೇಕಾದಷ್ಟಿತ್ತು, ಉಳುವವರಿಲ್ಲ. ಆಗಿನ ಗವರ್ನರ್ ಡಿಯೋನಿಸಿಯೊ ಬೆಂಟೆಸ್ ಜಪಾನಿಗೆ ಜಾಗ ಕೊಡಲು ಮುಂದೆ ಬಂದರು. 1926ರಲ್ಲಿ ಹಚಿರೋ ಫುಕುಹರಾ ಮುಂದಾಳತ್ವದ ತಂಡ ಬಂದು ಜಾಗ ನೋಡಿತು. ಫುಕುಹರಾ ಜಪಾನಿನ ಒಂದು ದೊಡ್ಡ ನೂಲಿನ ಮಿಲ್ ಕಂಪನಿಯ ನಿರ್ದೇಶಕರು. ಆಮೇಲೆ ವಲಸೆಗೆಂದೇ ಒಂದು ಕಂಪನಿ ಹುಟ್ಟಿತು. 1929ರ ಸೆಪ್ಟೆಂಬರಿನಲ್ಲಿ 43 ಕುಟುಂಬಗಳ 189 ಮಂದಿ ಮೊದಲ ತಂಡವಾಗಿ ಬಂದಿಳಿದರು.

ಅವರಿಗೆ ಹೇಳಿದ್ದು ಕೋಕೋ ಬೆಳೆಯಿರಿ ಅಂತ. ಕೋಕೋ ಕೈಕೊಟ್ಟಿತು. ಅಕ್ಕಿ, ತರಕಾರಿ ಬೆಳೆದರು. ತರಕಾರಿ ಬೆಳೆದರೂ ಬೆಲೆಂಗೆ ಸಾಗಿಸಬೇಕಾದರೆ ನದಿಯೇ ಗತಿ. ಅದರ ಮೇಲೆ ಮಲೇರಿಯಾ. 1930ರ ದಶಕದಲ್ಲಿ ಎಷ್ಟೋ ಜನ ಸತ್ತರು. ಬದುಕಿ ಉಳಿದವರಲ್ಲೂ ಬಹಳಷ್ಟು ಕುಟುಂಬಗಳು ದಕ್ಷಿಣದ ಸಾವೊ ಪಾಲೊ ಕಡೆಗೆ ಗಂಟುಮೂಟೆ ಕಟ್ಟಿದವು. ಆ ಕಷ್ಟದ ನಡುವೆಯೇ 1931ರಲ್ಲಿ ತರಕಾರಿ ಮಾರಲು ಒಂದು ಪುಟ್ಟ ಸಹಕಾರ ಸಂಘ ಕಟ್ಟಿಕೊಂಡರು. ಈ ಊರಿನ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಸಂಗತಿ ಅನಿಸುವುದು ಇದೇ. ದುಡ್ಡು ಬಂದ ಮೇಲೆ ಕಟ್ಟಿದ ಸಂಘವಲ್ಲ ಅದು. ಏನೂ ಇಲ್ಲದಾಗ ಕಟ್ಟಿದ್ದು.

ಕಾಳುಮೆಣಸು ಅಲ್ಲಿಗೆ ಹೇಗೆ ತಲುಪಿತು?

1933ರಲ್ಲಿ ಮಕಿನೊಸುಕೆ ಉಸುಯಿ ಅನ್ನುವ ಅಧಿಕಾರಿ ವಲಸಿಗರ ಹಡಗಿನ ಜೊತೆ ಬರುತ್ತಿದ್ದರು. ದಾರಿಯಲ್ಲಿ ಒಬ್ಬರು ತೀರಿಕೊಂಡರಂತೆ. ಅವರ ಅಂತ್ಯಕ್ರಿಯೆಗಾಗಿ ಹಡಗು ಸಿಂಗಾಪುರದಲ್ಲಿ ನಿಂತಾಗ ಉಸುಯಿ 20 ಮೆಣಸಿನ ಗಿಡ ಕೊಂಡರು ಅಂತ ಊರಿನವರು ಇವತ್ತಿಗೂ ಹೇಳುತ್ತಾರೆ. ಅದರಲ್ಲಿ ಬದುಕಿದ್ದು ಬೆರಳೆಣಿಕೆಯಷ್ಟು. ಗಿಡ ನೆಟ್ಟಿದ್ದ ವಲಸೆ ಕಂಪನಿಯ ಪ್ರಯೋಗ ಕೇಂದ್ರ ಮುಚ್ಚಿದ ಮೇಲೂ ಕೆಲವು ರೈತರು ಆ ಬಳ್ಳಿಗಳನ್ನು ಬಿಡದೆ ನೋಡಿಕೊಂಡರು, ತುಂಡು ಮಾಡಿ ನೆಟ್ಟು ಹೆಚ್ಚಿಸಿದರು. ಅದಕ್ಕೇ ಬ್ರೆಜಿಲ್‌ನಲ್ಲಿ ಹಳೆಯ ತಳಿಯ ಹೆಸರು ಇಂದಿಗೂ ‘ಸಿಂಗಾಪುರ’.

ಎರಡನೇ ಮಹಾಯುದ್ಧದಲ್ಲಿ ಏನಾಯಿತು?

1942ರಲ್ಲಿ ಬ್ರೆಜಿಲ್ ಜಪಾನಿನ ಜೊತೆ ಸಂಬಂಧ ಕಡಿದುಕೊಂಡಿತು. ಬೆಲೆಂ ಸುತ್ತಲಿನ ಜಪಾನೀ, ಜರ್ಮನ್, ಇಟಾಲಿಯನ್ ಜನರನ್ನು ತಂದು ಟೊಮೆ-ಅಸೂನಲ್ಲೇ ಕೂಡಿಹಾಕಿದರು. ಊರು ಬಿಟ್ಟು ಹೊರಗೆ ಹೋಗುವಂತಿಲ್ಲ. ಸಂಘದ ಆಸ್ತಿ ಸರ್ಕಾರದ ಕೈಗೆ ಹೋಯಿತು.

ಹಾಗಾದರೆ ಶ್ರೀಮಂತಿಕೆ ಬಂದದ್ದು ಯಾವಾಗ?

ಯುದ್ಧ ಮುಗಿದ ಮೇಲೆ. ಇಂಡೋನೇಷ್ಯಾ ಮತ್ತು ಆಗ್ನೇಯ ಏಷ್ಯಾದ ಮೆಣಸಿನ ತೋಟಗಳು ಯುದ್ಧದಲ್ಲಿ ಹಾಳಾಗಿದ್ದವು. ಜಗತ್ತಿಗೆ ಮೆಣಸು ಬೇಕಿತ್ತು, ಕೊಡುವವರು ಕಮ್ಮಿ. ಬೆಲೆ ಗಗನಕ್ಕೇರಿತು. ಆ ಹೊತ್ತಿಗೆ ಟೊಮೆ-ಅಸೂನಲ್ಲಿ ಬಳ್ಳಿ ಫಸಲು ಬಿಡುತ್ತಿತ್ತು. ಸಿಕ್ಕಿದ ಅದೃಷ್ಟವನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. 1949ರಲ್ಲಿ ಸಹಕಾರ ಸಂಘ ಹೊಸ ರೂಪ ಪಡೆದು ‘ಕಾಮ್ಟಾ’ ಆಯಿತು. 1950ರ ದಶಕ ಪೂರ್ತಿ ಮೆಣಸನ್ನು ‘ಕಪ್ಪು ವಜ್ರ’ ಅಂತಲೇ ಕರೆದರು. ಮಣ್ಣಿನ ಗುಡಿಸಲಲ್ಲಿದ್ದವರು ದೊಡ್ಡ ಮನೆ ಕಟ್ಟಿಸಿದರು. ಯುದ್ಧ ಮುಗಿದು ಕೆಲವು ವರ್ಷಕ್ಕೆ ಜಪಾನಿನಿಂದ ಹೊಸ ವಲಸಿಗರೂ ಬರತೊಡಗಿದರು.

ಬೇರೆ ಬೇರೆ ರಾಜ್ಯಗಳಿಂದ ಕೂಲಿಗೆ ಬಂದವರ ಸಂಖ್ಯೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬರ ಬಿದ್ದ ಈಶಾನ್ಯ ಬ್ರೆಜಿಲ್‌ನಿಂದ ಬಂದ ಅವರೇ ಕಂಬ ನೆಟ್ಟರು, ಬಳ್ಳಿ ಕಟ್ಟಿದರು, ಕೊಯ್ದರು. ಟೊಮೆ-ಅಸೂ ಕಥೆಯನ್ನು ಬರೀ ಜಪಾನಿನವರ ಕಥೆಯಾಗಿ ಹೇಳುವುದು ಅವರಿಗೆ ಮಾಡುವ ಅನ್ಯಾಯ.

ಅಷ್ಟು ಚೆನ್ನಾಗಿದ್ದ ಊರು ಬಿದ್ದದ್ದು ಯಾಕೆ?

ಒಂದು ಶಿಲೀಂಧ್ರದಿಂದ. ಫ್ಯುಸೇರಿಯಂ ಅನ್ನುವ ಜಾತಿಯದು. ಬೇರು ಕೊಳೆಯುತ್ತದೆ, ಎಲೆ ಹಳದಿಯಾಗುತ್ತದೆ, ಬಳ್ಳಿ ಒಣಗುತ್ತದೆ. 1950ರ ದಶಕದ ಕೊನೆಗೆ ಕಾಣಿಸಿಕೊಂಡಿತು. 1960 ಮತ್ತು 70ರ ದಶಕಗಳಲ್ಲಿ ತೋಟ ತೋಟಗಳನ್ನೇ ನುಂಗಿತು. ಮದ್ದು ಸಿಗಲಿಲ್ಲ. ಇವತ್ತಿಗೂ ಆ ಕಾಯಿಲೆಗೆ ಖಚಿತ ಮದ್ದಿಲ್ಲ.

ಆದರೆ ಬರೀ ರೋಗವನ್ನು ದೂರಿದರೆ ಸಾಲದು. ಬಯಲಲ್ಲಿ, ಸುಡುಬಿಸಿಲಲ್ಲಿ, ಸತ್ತ ಮರದ ಕಂಬಕ್ಕೆ ಬಳ್ಳಿ ಹಬ್ಬಿಸಿ, ಕಣ್ಣು ಹಾಯಿಸಿದಷ್ಟು ದೂರಕ್ಕೆ ಒಂದೇ ಬೆಳೆ. ಅದೂ ನಾಲ್ಕಾರು ಬಳ್ಳಿಯಿಂದ ತುಂಡು ಮಾಡಿ ಬೆಳೆಸಿದ ಒಂದೇ ತಳಿ. ಒಂದು ಬಳ್ಳಿಗೆ ತಾಗಿದ ರೋಗ ಎಲ್ಲಕ್ಕೂ ತಾಗದೆ ಇರುತ್ತದಾ? ಜೊತೆಗೆ ಜಗತ್ತಿನ ಬೆಲೆಯೂ ಇಳಿಯಿತು. 1974ರ ವಿಪರೀತ ಮಳೆ ನೆಲದಲ್ಲಿ ನೀರು ನಿಲ್ಲಿಸಿ ಉಳಿದದ್ದನ್ನೂ ಕೊಂದಿತು. ಸಾಲ ಮಾಡಿ ತೋಟ ಹಾಕಿದವರು ಊರು ಬಿಟ್ಟರು. ಕೆಲವರು ಹೊಸ ಜಾಗ ಹುಡುಕಿ ಅಲ್ಲಿ ಮತ್ತೆ ಮೆಣಸು ಹಾಕಿದರು. ರೋಗ ಅಲ್ಲಿಗೂ ಬಂತು.

ಮತ್ತೆ ಎದ್ದು ನಿಂತದ್ದು ಹೇಗೆ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡಬೇಕು.

ನೊಬೊರು ಸಕಾಗುಚಿ ಅನ್ನುವ ಕೃಷಿಕರು ಅರಣ್ಯಶಾಸ್ತ್ರ ಓದಿ ಬಂದವರು. ಅವರು ನದಿ ದಡದ ಮೂಲ ಜನರ ಹಿತ್ತಲನ್ನು ಗಮನಿಸಿದರು. ಅಲ್ಲಿ ತಿನ್ನುವ ಹಣ್ಣು ಬಿಡುವ ಅಸಾಯಿ ತಾಳೆ, ಕೋಕೋ, ಹಣ್ಣಿನ ಮರ, ಬ್ರೆಜಿಲ್ ನಟ್, ಮದ್ದಿನ ಗಿಡ ಎಲ್ಲವೂ ಒಂದರ ನೆರಳಲ್ಲಿ ಒಂದು ಬೆಳೆಯುತ್ತಿದ್ದವು. ಯಾರೂ ಗೊಬ್ಬರ ಸುರಿಯುತ್ತಿರಲಿಲ್ಲ. ದುಡ್ಡಿಗೆ ಬಡವರು, ಊಟಕ್ಕೆ ಬಡವರಲ್ಲ. ಸಕಾಗುಚಿ ಮತ್ತು ಕಾಮ್ಟಾದ ಇತರ ರೈತರು ಇದನ್ನೇ ತೋಟದ ಅಳತೆಗೆ ತಂದರು. ಸಾಯುತ್ತಿದ್ದ ಮೆಣಸಿನ ನಡುವೆ ಕೋಕೋ ನೆಟ್ಟರು, ಕೋಕೋಗೆ ನೆರಳು ಕೊಡುವ ಮರ ನೆಟ್ಟರು. ಈ ಪದ್ಧತಿಗೆ ಇವತ್ತು ‘ಸಫ್ಟಾ’ ಅಂತ ಹೆಸರು. ಪೂರ್ತಿ ಹೆಸರಿನ ಅರ್ಥ ಟೊಮೆ-ಅಸೂ ಕೃಷಿ-ಅರಣ್ಯ ಪದ್ಧತಿ.

ಇದಕ್ಕೆ ಯಾರೂ ಒಂದೇ ನಕ್ಷೆ ಕೊಟ್ಟಿಲ್ಲ. ಒಬ್ಬೊಬ್ಬರ ತೋಟ ಒಂದೊಂದು ಥರ. ಒಬ್ಬರು ಮೆಣಸು, ಕೋಕೋ, ಮಹಾಗನಿ ಅನ್ನುತ್ತಾರೆ. ಪಕ್ಕದವರದ್ದು ಪ್ಯಾಷನ್ ಫ್ರೂಟ್, ಕುಪುವಸು, ಅಸಾಯಿ. ಕುಪುವಸು ಕೋಕೋದ ನೆಂಟ, ಅದರ ಹುಳಿ-ಸಿಹಿ ತಿರುಳಿಗೆ ಭಾರಿ ಬೇಡಿಕೆ. ಯಾವುದು ಯಾವುದರ ಜೊತೆ ಹೊಂದುತ್ತದೆ ಅನ್ನುವುದನ್ನು ರೈತರೇ ಹತ್ತಾರು ವರ್ಷ ತಮ್ಮ ಹೊಲದಲ್ಲಿ ನೋಡಿ ಕಲಿತರು. ವಿಜ್ಞಾನಿಗಳು ಬಂದು ಅಳೆದು ಬರೆದದ್ದು ಆಮೇಲೆ.

ಮರ ಬೆಳೆಯುವ ತನಕ ಹೊಟ್ಟೆಗೆ ಏನು? ಹಣ ಯಾವಾಗ ಬರುತ್ತದೆ?

ಸಫ್ಟಾದ ಜಾಣತನ ಇರುವುದೇ ಇಲ್ಲಿ. ಮೊದಲ ವರ್ಷ ಅಕ್ಕಿ, ಅವರೆಯಂಥ ಕಾಳು, ಮರಗೆಣಸು. ಮನೆ ಊಟಕ್ಕಾಯಿತು, ಸ್ವಲ್ಪ ಮಾರಲೂ ಆಯಿತು. ಅದರ ಜೊತೆಗೇ ಮೆಣಸು ಮತ್ತು ಬಾಳೆ ನೆಟ್ಟಿರುತ್ತಾರೆ. ಪ್ಯಾಷನ್ ಫ್ರೂಟ್ ಹಾಕಿದ್ದರೆ ಅದು ಬೇಗ ಕೊಡುತ್ತದೆ. ಮೂರನೇ ವರ್ಷದಿಂದ ಮೆಣಸು. ರೋಗ ಬಂದು ಬಳ್ಳಿ ಸಾಯುವ ಹೊತ್ತಿಗೆ, ಅಂದರೆ ಏಳೆಂಟು ವರ್ಷಕ್ಕೆ, ಕೋಕೋ ಮತ್ತು ಅಸಾಯಿ ಚೆನ್ನಾಗಿ ಫಸಲು ಕೊಡುತ್ತಿರುತ್ತವೆ. ಮೆಣಸಿಗೆ ಹಾಕಿದ ಗೊಬ್ಬರದ ಉಳಿಕೆಯಲ್ಲೇ ಕೋಕೋ ಬೆಳೆದಿರುತ್ತದೆ. ಮೇಲೆ ಮಹಾಗನಿ, ಆಂಡಿರೋಬಾ, ಬ್ರೆಜಿಲ್ ನಟ್ ಮರಗಳು. ಅವು ಮಕ್ಕಳ ಕಾಲಕ್ಕೆ.

ಅಂದರೆ ಮೆಣಸು ಸಾಯುತ್ತದೆ ಅನ್ನುವುದನ್ನು ಅವರು ಒಪ್ಪಿಕೊಂಡೇ ಲೆಕ್ಕ ಹಾಕುತ್ತಾರೆ. ರೋಗವನ್ನು ಗೆಲ್ಲಲಿಲ್ಲ. ರೋಗ ಬಂದರೂ ಮನೆ ಬೀಳದ ಹಾಗೆ ತೋಟ ಕಟ್ಟಿಕೊಂಡರು. ನಮ್ಮ ಮಲೆನಾಡಿನಲ್ಲಿ ಸೊರಗು ರೋಗದಿಂದ ನೊಂದವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ಕೆಲಸದ ದೃಷ್ಟಿಯಿಂದಲೂ ಇದು ಮುಖ್ಯ. ಅಮೆಜಾನ್‌ನಲ್ಲಿ ಕಾಡು ಕಡಿದವರು ಸಾಮಾನ್ಯವಾಗಿ ಹುಲ್ಲುಗಾವಲು ಮಾಡಿ ದನ ಬಿಡುತ್ತಾರೆ. ನೂರಾರು ಹೆಕ್ಟೇರಿಗೆ ಒಂದಿಬ್ಬರು ಆಳು ಸಾಕು. ಮಿಶ್ರ ತೋಟದಲ್ಲಿ ಕೊಯ್ಲು, ಕಸಿ, ಸವರುವುದು, ಒಣಗಿಸುವುದು ಅಂತ ವರ್ಷವಿಡೀ ಕೆಲಸ ಇರುತ್ತದೆ. ಕೆಲವೇ ಹೆಕ್ಟೇರಿನಲ್ಲಿ ಒಂದು ಕುಟುಂಬ ನೆಮ್ಮದಿಯಾಗಿ ಬದುಕಬಹುದು.

ಇಷ್ಟೊಂದು ಬಗೆಯ ಹಣ್ಣನ್ನು ಕೊಳ್ಳುವವರು ಯಾರು?

ಕಾಮ್ಟಾ. ಹತ್ತು ಬಗೆ ಬೆಳೆಯುವುದು ಸುಲಭ, ಹತ್ತು ಬಗೆ ಮಾರುವುದು ಕಷ್ಟ. ಒಬ್ಬ ರೈತನ ಬಳಿ ನಾಲ್ಕು ಬುಟ್ಟಿ ಕುಪುವಸು, ಮೂರು ಬುಟ್ಟಿ ಅಸೆರೋಲಾ ಇದ್ದರೆ ಯಾವ ಲಾರಿ ಬಂದು ಒಯ್ಯುತ್ತದೆ? ಅಸಾಯಿಯಂತೂ ಕೊಯ್ದು ಒಂದೆರಡು ದಿನದಲ್ಲಿ ಕೆಡುತ್ತದೆ. ಅದಕ್ಕೇ ಸಂಘವು 1980ರ ದಶಕದ ಕೊನೆ ಮತ್ತು 90ರ ದಶಕದ ಆರಂಭದಲ್ಲಿ ಹಣ್ಣಿನ ತಿರುಳು ತೆಗೆದು ಹೆಪ್ಪುಗಟ್ಟಿಸುವ ಸ್ವಂತ ಕಾರ್ಖಾನೆ ಕಟ್ಟಿತು. ಜಪಾನಿನ ನೆರವೂ ಇತ್ತು. ತಿರುಳು ಪ್ಯಾಕೆಟ್ಟಾಗಿ ಬ್ರೆಜಿಲ್‌ನ ದೊಡ್ಡ ನಗರಗಳಿಗೂ ಜಪಾನ್, ಅಮೆರಿಕದಂಥ ದೇಶಗಳಿಗೂ ಹೋಗುತ್ತದೆ.

ಸಂಘದ ಸದಸ್ಯರು ಬರೀ 170ರ ಆಸುಪಾಸು. ಈಗ ಅವರಲ್ಲಿ ಜಪಾನೀ ಮೂಲದವರಲ್ಲದವರೂ ಇದ್ದಾರೆ. ಕಾರ್ಖಾನೆಗೆ ಹಣ್ಣು ಕೊಡುವ ಹೊರಗಿನ ಸಣ್ಣ ರೈತರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು. ಕಾರ್ಖಾನೆ ಇಲ್ಲದಿದ್ದರೆ ಸಫ್ಟಾ ಒಂದು ಒಳ್ಳೆಯ ಪ್ರಯೋಗವಾಗಿ ಮುಗಿಯುತ್ತಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಿಶ್ರ ಬೆಳೆ ಮಾಡಿ ಅಂತ ನಮ್ಮಲ್ಲೂ ಭಾಷಣ ಬೇಕಾದಷ್ಟು ಆಗುತ್ತದೆ. ಕೊಯ್ದದ್ದನ್ನು ಕೊಳ್ಳುವ ಬಾಗಿಲು ಎಲ್ಲಿದೆ ಅಂತ ಹೇಳುವವರು ಕಡಿಮೆ. ಕರಾವಳಿಯ ರೈತರಿಗೆ ಇದು ಗೊತ್ತಿರುವ ವಿಷಯ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಕೋಕೋ ಕೊಳ್ಳಲು ಮುಂದಾಗಿ, ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಕಟ್ಟಿದ್ದರಿಂದಲೇ ಅಲ್ಲಿ ಅಡಿಕೆ ತೋಟದ ಒಳಗೆ ಕೋಕೋ ಉಳಿಯಿತು.

ಅಲ್ಲಿನ ಕೋಕೋಗೆ ಅಷ್ಟು ಹೆಸರು ಯಾಕೆ?

ಹುದುಗಿಸುವ ರೀತಿಯಿಂದ. ಕಾಯಿ ಒಡೆದು ಬೀಜವನ್ನು ತಿರುಳಿನ ಸಮೇತ ಮರದ ಪೆಟ್ಟಿಗೆಗೆ ತುಂಬಿ ಬಾಳೆ ಎಲೆ ಮುಚ್ಚುತ್ತಾರೆ. ಆಗಾಗ ಮಗುಚುತ್ತಾರೆ. ಆರೇಳು ದಿನ ಆದ ಮೇಲೆ ಬಿಸಿಲಿಗೆ ಹಾಕುತ್ತಾರೆ. ಚಾಕೊಲೇಟಿನ ಪರಿಮಳ ಹುಟ್ಟುವುದೇ ಈ ಪೆಟ್ಟಿಗೆಯಲ್ಲಿ. ಅವಸರ ಮಾಡಿ ಹಸಿ ಬೀಜ ಒಣಗಿಸಿದರೆ ಕಹಿ, ಒಗರು ಉಳಿಯುತ್ತದೆ. ಜಪಾನಿನ ಮೇಯ್ಜಿ ಕಂಪನಿ ಇಲ್ಲಿನ ಕೋಕೋ ಕೊಂಡು ಕೃಷಿ-ಅರಣ್ಯದ ಹೆಸರಿನಲ್ಲೇ ಚಾಕೊಲೇಟ್ ಮಾರಿತು. 2019ರಲ್ಲಿ ಟೊಮೆ-ಅಸೂ ಕೋಕೋಗೆ ಬ್ರೆಜಿಲ್ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಕೊಡಗಿನ ಕಿತ್ತಳೆ, ಮೈಸೂರು ಮಲ್ಲಿಗೆಗೆ ಇರುವಂಥದ್ದೇ.

ನಮ್ಮ ಮೆಣಸಿಗೂ ಅಲ್ಲಿನ ಮೆಣಸಿಗೂ ಸಂಬಂಧ ಇದೆಯಾ?

ಇದೆ, ಅದೂ ನೇರವಾಗಿ. ಕಾಳುಮೆಣಸಿನ ತವರೇ ಪಶ್ಚಿಮ ಘಟ್ಟ. ರೋಗ ಬಂದ ಮೇಲೆ ಬ್ರೆಜಿಲ್‌ನ ಕೃಷಿ ಸಂಶೋಧಕರು ಹೊಸ ತಳಿಗಾಗಿ ಭಾರತದ ಕಡೆ ನೋಡಿದರು. ಪರಾದಲ್ಲಿ ‘ಬ್ರಗಾಂಟಿನಾ’ ಅಂತ ಬೆಳೆಯುವ ತಳಿ ಬೇರೆ ಏನೂ ಅಲ್ಲ, ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರುವ ಪನ್ನಿಯೂರು-1. ಕೇರಳದ ಪನ್ನಿಯೂರು ಸಂಶೋಧನಾ ಕೇಂದ್ರದ ಹೈಬ್ರಿಡ್ ಅದು. ಕೊಟ್ಟನಾಡನ್, ಕುದಿರವಳ್ಳಿ ತಳಿಗಳೂ ಅಲ್ಲಿ ಬೆಳೆಯುತ್ತವೆ.

ಬೆಳೆಯುವ ರೀತಿ ಮಾತ್ರ ಬೇರೆ. ನಾವು ಅಡಿಕೆ, ಸಿಲ್ವರ್, ಹಾಲವಾಣದಂಥ ಜೀವಂತ ಮರಕ್ಕೆ ಹಬ್ಬಿಸುತ್ತೇವೆ. ಅವರು ಗಟ್ಟಿ ಮರದ ಕಂಬ ಹೂಳುತ್ತಾರೆ. ಬಿಸಿಲು ಜಾಸ್ತಿ ಬಿದ್ದು ಇಳುವರಿ ಹೆಚ್ಚುತ್ತದೆ, ಬಳ್ಳಿಯ ಆಯಸ್ಸು ಕಮ್ಮಿಯಾಗುತ್ತದೆ. ಕಾಡಿನ ಮರ ಸಿಗುವುದು ಕಷ್ಟವಾದ ಮೇಲೆ ಗ್ಲಿರಿಸಿಡಿಯಾ ಗಿಡಕ್ಕೆ ಹಬ್ಬಿಸುವುದನ್ನು ಕಲಿಸುತ್ತಿದ್ದಾರೆ.

ಇನ್ನೊಂದು ಮಾತು. ಬ್ರೆಜಿಲ್ ಈಗ ವಿಯೆಟ್ನಾಮಿನ ನಂತರ ಜಗತ್ತಿನ ದೊಡ್ಡ ಮೆಣಸು ಬೆಳೆಗಾರ ದೇಶ. ಆದರೆ ಅಲ್ಲಿ ಮೊದಲ ಸ್ಥಾನ ಪರಾದ ಕೈತಪ್ಪಿ ಎಸ್ಪಿರಿಟು ಸಾಂಟೊ ರಾಜ್ಯಕ್ಕೆ ಹೋಗಿದೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿದ್ದರಿಂದ ಯುರೋಪಿನ ಬಂದರುಗಳಲ್ಲಿ ಬ್ರೆಜಿಲ್ ಮೆಣಸಿಗೆ ಬಿಗಿ ತಪಾಸಣೆ ಇದೆ. ನೆಲದ ಮೇಲೆ ಒಣಗಿಸಿ, ಕೋಳಿ ನಾಯಿ ಓಡಾಡಿದರೆ ಹೀಗೇ ಆಗುವುದು. ಕಣದ ಶುಚಿ ಅನ್ನುವುದು ಈಗ ಬೆಲೆಯ ಪ್ರಶ್ನೆ. ನಮಗೂ ಅಷ್ಟೇ.

ಮುನಿಸಿಪಿಯುಗೆ ಆದಾಯ ಎಲ್ಲಿಂದ ಬರುತ್ತದೆ? ಮೆಣಸು, ಕೋಕೋ ಮೇಲಿನ ತೆರಿಗೆಯಿಂದಾ?

ಹಾಗಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜ ಬೇರೆ. 1996ರ ಕಾಂಡಿರ್ ಕಾನೂನಿನ ಪ್ರಕಾರ ರಫ್ತಾಗುವ ಕಚ್ಚಾ ಉತ್ಪನ್ನಕ್ಕೆ ರಾಜ್ಯದ ಮಾರಾಟ ತೆರಿಗೆ ಇಲ್ಲ. ಮೂಟೆಗಟ್ಟಲೆ ಮೆಣಸು ಹಡಗು ಹತ್ತಿದರೂ ಊರಿಗೆ ಅದರಿಂದ ತೆರಿಗೆ ಬರುವುದಿಲ್ಲ. ಹೊರಗೆ ಮಾರುವ ಊರಿಗೇ ಕೈ ಖಾಲಿ ಅನ್ನುವುದು ಸರಿಯಾದ ನೀತಿ ಅಂತ ನನಗೆ ಅನಿಸುವುದಿಲ್ಲ.

ಇಂಥ ಊರುಗಳ ಮುಖ್ಯ ಆಧಾರ ಕೇಂದ್ರದಿಂದ ಬರುವ ಪಾಲು. ಆದಾಯ ತೆರಿಗೆ ಮತ್ತು ಕೈಗಾರಿಕಾ ಉತ್ಪನ್ನ ತೆರಿಗೆಯ ಸುಮಾರು ಕಾಲು ಭಾಗವನ್ನು ಎಲ್ಲ ಮುನಿಸಿಪಿಯುಗಳಿಗೆ ಹಂಚುತ್ತಾರೆ. ಸಣ್ಣ ಊರುಗಳಿಗೆ ಜನಸಂಖ್ಯೆ ನೋಡಿ ಪಾಲು. ಅದಕ್ಕೇ ಜನಗಣತಿಯ ಅಂಕಿ ಬಂದಾಗ ಮೇಯರ್‌ಗಳು ಜಗಳಕ್ಕೆ ನಿಲ್ಲುವುದು. ಶಾಲೆಗಳಿಗೆ ಬೇರೆ ನಿಧಿ ಇದೆ. ರಾಜ್ಯದ ಮಾರಾಟ ತೆರಿಗೆಯ 25 ಶೇಕಡಾ ಕೂಡ ಮುನಿಸಿಪಿಯುಗಳಿಗೆ ಹೋಗುತ್ತದೆ. ಇಂಥ ಊರುಗಳಲ್ಲಿ ತಿಂಗಳ ಸಂಬಳ ಕೊಡುವ ದೊಡ್ಡ ಯಜಮಾನ ಅಂದರೆ ಮುನಿಸಿಪಿಯು ಕಚೇರಿಯೇ.

ಬಡವರ ಕೈಗೆ ಏನು ಸೇರುತ್ತದೆ?

ಮೂರು ವಿಷಯ ಹೇಳಬೇಕು. ಮೊದಲನೆಯದು ಹಳ್ಳಿಗರ ಪಿಂಚಣಿ. ಹೊಲದಲ್ಲಿ ದುಡಿದ ಗಂಡಸಿಗೆ 60, ಹೆಂಗಸಿಗೆ 55 ವರ್ಷಕ್ಕೆ ಒಂದು ಕನಿಷ್ಠ ವೇತನದಷ್ಟು ಪಿಂಚಣಿ. 2025ರಲ್ಲಿ ಕನಿಷ್ಠ ವೇತನ ತಿಂಗಳಿಗೆ 1,518 ರಿಯಾಲ್ ಇತ್ತು. ಅಜ್ಜಿಯ ಪಿಂಚಣಿಯಲ್ಲಿ ಮೊಮ್ಮಕ್ಕಳು ಓದುವ ಮನೆಗಳು ಬ್ರೆಜಿಲ್‌ನ ಹಳ್ಳಿಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಎರಡನೆಯದು 2003ರಲ್ಲಿ ಶುರುವಾದ ಬೋಲ್ಸಾ ಫಮಿಲಿಯಾ. ಮಕ್ಕಳು ಶಾಲೆಗೆ ಹೋಗಬೇಕು, ಲಸಿಕೆ ಹಾಕಿಸಬೇಕು, ಆಗ ತಾಯಿಯ ಖಾತೆಗೆ ಹಣ. ಮೂರನೆಯದು ಶಾಲೆಯ ಊಟ. 2009ರ ಕಾನೂನಿನ ಪ್ರಕಾರ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ 30 ಶೇಕಡಾದಷ್ಟನ್ನು ಸಣ್ಣ ಕೃಷಿ ಕುಟುಂಬಗಳಿಂದಲೇ ಕೊಳ್ಳಬೇಕಿತ್ತು, 2026ರಿಂದ ಅದು 45 ಶೇಕಡಾ. ಮಗುವಿನ ತಟ್ಟೆಗೆ ಅಸಾಯಿ, ಮರಗೆಣಸಿನ ಹಿಟ್ಟು, ಬಾಳೆಹಣ್ಣು ಅಲ್ಲೇ ಪಕ್ಕದ ಹೊಲದಿಂದ ಬರುತ್ತದೆ. ನಮ್ಮ ಬಿಸಿಯೂಟಕ್ಕೂ ಇಂಥದ್ದೊಂದು ನಿಯಮ ಬರಬೇಕು.

ಆದರೆ ಮೆಣಸು ಕೊಯ್ಯುವವರ ಸ್ಥಿತಿ ಇನ್ನೂ ಸುಧಾರಿಸಬೇಕು. ಕೊಯ್ದ ಕಿಲೋ ಲೆಕ್ಕದಲ್ಲಿ ಕೂಲಿ. ಕೊಯ್ಲಿನ ತಿಂಗಳು ಮುಗಿದರೆ ಬೇರೆ ಕೆಲಸ ಹುಡುಕಬೇಕು. ಸಫ್ಟಾದ ಹೊಗಳಿಕೆಯಲ್ಲಿ ಇವರ ಹೆಸರು ಬರುವುದೇ ಇಲ್ಲ.

ತಾಳೆಎಣ್ಣೆ ಕಂಪನಿಗಳ ಬಗ್ಗೆ ಅಷ್ಟು ಗಲಾಟೆ ಯಾಕೆ?

2000ದ ದಶಕದ ಕೊನೆಯಿಂದ ಈ ಭಾಗದಲ್ಲಿ ಎಣ್ಣೆ ತಾಳೆಯ ಭಾರಿ ತೋಟಗಳು ಬಂದವು. ಬಯೋಡೀಸೆಲ್ ಕನಸು ಅದರ ಹಿಂದೆ ಇತ್ತು. ಕೂಲಿ, ಸಂಬಳ ಬಂದದ್ದು ನಿಜ. ಆದರೆ ತೆಂಬೆ ಮೂಲನಿವಾಸಿಗಳ ನೆಲದ ಅಂಚಿಗೇ ತೋಟ ಬಂದು ನಿಂತಿತು. ಆಫ್ರಿಕಾ ಮೂಲದ ಗುಲಾಮರ ವಂಶದವರಾದ ಕಿಲೊಂಬೋಲಾ ಸಮುದಾಯಗಳೂ ಅದೇ ದೂರು ಹೇಳುತ್ತವೆ: ನಮ್ಮ ನೆಲ ಹೋಯಿತು, ತೊರೆಯ ನೀರಿಗೆ ಕೀಟನಾಶಕ ಸೇರಿತು. 2023ರ ಆಗಸ್ಟಿನಲ್ಲಿ ಅಮೆಜಾನ್ ದೇಶಗಳ ನಾಯಕರು ಬೆಲೆಂನಲ್ಲಿ ಸೇರುವ ಹೊತ್ತಿಗೇ ಟೊಮೆ-ಅಸೂನಲ್ಲಿ ತೆಂಬೆ ಜನರಿಗೆ ಗುಂಡೇಟು ಬಿತ್ತು. ಅಭಿವೃದ್ಧಿಯ ಪಟ್ಟಿಯಲ್ಲಿ ಎಣ್ಣೆಯ ಟನ್ನು ಮಾತ್ರ ಬರೆದು ಇದನ್ನು ಬಿಡಲಾಗದು.

ಇದೇ ತಾಳೆಯನ್ನು ಬೇರೆ ರೀತಿ ಬೆಳೆಯಬಹುದು ಅನ್ನುವುದಕ್ಕೂ ಉದಾಹರಣೆ ಇಲ್ಲೇ ಇದೆ. ನಟೂರಾ ಅನ್ನುವ ಸೌಂದರ್ಯವರ್ಧಕ ಕಂಪನಿ, ಸರ್ಕಾರದ ಸಂಶೋಧನಾ ಸಂಸ್ಥೆ ಎಂಬ್ರಾಪಾ ಮತ್ತು ಕಾಮ್ಟಾ ಸೇರಿ ತಾಳೆಯ ಸಾಲುಗಳ ನಡುವೆ ಕೋಕೋ, ಹಣ್ಣು, ಮರ ಎಲ್ಲ ಹಾಕಿ ನೋಡುತ್ತಿವೆ. ಫಲಿತಾಂಶ ಆಶೆ ಹುಟ್ಟಿಸುವಂತಿದೆ.

ರಸ್ತೆ, ಸಂಪರ್ಕ ಹೇಗಿದೆ?

ಹೆದ್ದಾರಿ ಇದೆ, ಆದರೆ ಒಳಗಿನ ಮಣ್ಣುರಸ್ತೆಗಳು ಮಳೆಗಾಲದಲ್ಲಿ ಕೆಸರು. ಕೆಡುವ ಹಣ್ಣು ಬೆಳೆಯುವವರಿಗೆ ರಸ್ತೆಯೇ ಲಾಭ ನಷ್ಟ ತೀರ್ಮಾನಿಸುವುದು. 2019ರ ಏಪ್ರಿಲ್‌ನಲ್ಲಿ ದೋಣಿಯೊಂದು ಡಿಕ್ಕಿ ಹೊಡೆದು ಮೊಜು ನದಿಯ ಸೇತುವೆಯ ಒಂದು ಭಾಗ ಕುಸಿಯಿತು. ಬೆಲೆಂಗೆ ಹೋಗುವ ಮುಖ್ಯ ದಾರಿ ಅದು. ಮತ್ತೆ ಕಟ್ಟುವ ತನಕ ತಿಂಗಳುಗಟ್ಟಲೆ ಲಾರಿಗಳು ನದಿ ದಾಟಿಸುವ ದೊಡ್ಡ ದೋಣಿಗಾಗಿ ಸಾಲು ನಿಂತವು.

ಊರಿನ ನೆಲದ ಕೆಳಗೆ ಇನ್ನೊಂದು ದಾರಿ ಹೋಗುತ್ತದೆ. ಪರಗೊಮಿನಾಸ್ ಗಣಿಯಿಂದ ಬರ್ಕರೇನಾ ಕಾರ್ಖಾನೆಗೆ ಬಾಕ್ಸೈಟನ್ನು ನೀರಿನಲ್ಲಿ ಕಲಸಿ ತಳ್ಳುವ ಪೈಪು, ಸುಮಾರು 244 ಕಿಲೋಮೀಟರ್ ಉದ್ದ. ಟೊಮೆ-ಅಸೂ ದಾಟಿಯೇ ಹೋಗುತ್ತದೆ. ಅದರಿಂದ ಊರಿಗೆ ಬಂದ ಪ್ರಯೋಜನ ತೀರಾ ಕಮ್ಮಿ.

ಯುವಕರು ಊರಲ್ಲೇ ಉಳಿಯುತ್ತಾರಾ?

1990ರಲ್ಲಿ ಜಪಾನ್ ವಲಸೆ ಕಾನೂನು ಬದಲಿಸಿ ತನ್ನ ಮೂಲದವರಿಗೆ ಬಾಗಿಲು ತೆರೆಯಿತು. ಟೊಮೆ-ಅಸೂನ ಎಷ್ಟೋ ಹುಡುಗರು ಜಪಾನಿನ ಕಾರ್ಖಾನೆಗಳಿಗೆ ಹೋದರು. ಅಜ್ಜ ಬಂದ ದಾರಿಯಲ್ಲೇ ಮೊಮ್ಮಕ್ಕಳು ತಿರುಗಿ ನಡೆದರು. ಕೆಲವರು ದುಡಿದ ಹಣ ತಂದು ತೋಟಕ್ಕೆ ಹಾಕಿದರು, ಕೆಲವರು ಬರಲೇ ಇಲ್ಲ. ಈಗ ಚಾಕೊಲೇಟ್ ಮಾಡುವುದು, ತೋಟ ತೋರಿಸುವುದು ಇಂಥದ್ದರಲ್ಲಿ ಕೆಲವು ಯುವಕರಿಗೆ ಆಸಕ್ತಿ ಬಂದಿದೆ. ಹೊರದೇಶಗಳಿಗೆ ನೆರವು ಕೊಡುವ ಜಪಾನ್ ಸರ್ಕಾರದ ಜೈಕಾ ಸಂಸ್ಥೆಯ ಸಹಾಯದಿಂದ ಅಮೆಜಾನ್‌ನ ನೆರೆ ದೇಶಗಳ ರೈತರೂ ಇಲ್ಲಿ ಬಂದು ಕಲಿಯುತ್ತಾರೆ.

ಇಷ್ಟೆಲ್ಲ ಆದ ಮೇಲೆ ಕಾಡು ಉಳಿದಿದೆಯಾ?

ದೊಡ್ಡ ಪಾಲು ಹೋಗಿದೆ. ಮೆಣಸಿನ ಕಂಬಕ್ಕೆ, ಮರದ ಮಿಲ್ಲಿಗೆ, ಹುಲ್ಲುಗಾವಲಿಗೆ, ತಾಳೆಗೆ. ಅಮೆಜಾನ್ ಪ್ರದೇಶದಲ್ಲಿ ಜಮೀನಿನ 80 ಶೇಕಡಾ ಕಾಡಾಗಿಯೇ ಇರಬೇಕು ಅಂತ ಕಾನೂನಿದೆ, ಕೆಲವು ಕಡೆ 50ಕ್ಕೆ ಸಡಿಲ ಮಾಡಿದ್ದಾರೆ. ಪಾಲಿಸುವವರು ಕಡಿಮೆ. ಸಫ್ಟಾ ತೋಟ ಮೂಲ ಕಾಡಿಗೆ ಸಮ ಆಗುವುದಿಲ್ಲ. ಆದರೆ ಬಂಜರು ಬಿದ್ದ ಹುಲ್ಲುಗಾವಲಿನ ಮೇಲೆ ಮತ್ತೆ ನೆರಳು, ಹಕ್ಕಿ, ತೇವ ಬರುತ್ತದೆ. ದೊಡ್ಡ ಹೆದರಿಕೆ ಬೆಂಕಿಯದು. ಪಕ್ಕದವರು ಹೊಲ ಸುಡಲು ಹಚ್ಚಿದ್ದು ದಾಟಿ ಬಂದರೆ ಇಪ್ಪತ್ತು ವರ್ಷದ ತೋಟ ಒಂದು ಮಧ್ಯಾಹ್ನದಲ್ಲಿ ಬೂದಿ.

ಕೋಕೋ, ಅಸಾಯಿ ಬೆಲೆ ಏರಿದಾಗ ರೈತರು ಮತ್ತೆ ಒಂದೇ ಬೆಳೆಗೆ ಹೋಗುವುದಿಲ್ಲವಾ?

ಆಸೆ ಆಗದೆ ಇರುತ್ತದಾ? 2024ರಲ್ಲಿ ಪಶ್ಚಿಮ ಆಫ್ರಿಕಾದ ಫಸಲು ಕೆಟ್ಟು ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಅಂಥ ಬೆಲೆ ಕಂಡಾಗ ನೆರಳಿನ ಮರ ಕಡಿದು ಬಿಸಿಲಲ್ಲಿ ಬರೀ ಕೋಕೋ ಹಾಕೋಣ ಅನ್ನುವವರು ಪರಾದ ಹಲವು ಕಡೆ ಇದ್ದಾರೆ. ಅಸಾಯಿಯದ್ದೂ ಅದೇ ಕಥೆ. ಒಣ ಮೇಲ್ದಿಣ್ಣೆಯಲ್ಲಿ ನೀರಾವರಿ ಮಾಡಿ ಸಾಲು ಸಾಲು ಅಸಾಯಿ ನೆಡುತ್ತಿದ್ದಾರೆ. ಆದರೆ ಒಂದೇ ಬೆಳೆ ನಂಬುವುದರಲ್ಲಿ ಅಪಾಯವಿದೆ. ಕೋಕೋಗೆ ಮಾಟಗಾತಿ ಪೊರಕೆ ಅಂತ ಕರೆಯುವ ರೋಗ ಬಂದು 1989ರ ನಂತರ ಬಹಿಯಾ ರಾಜ್ಯದ ತೋಟಗಳನ್ನು ಮುಗಿಸಿತ್ತು. ಅದರ ಮೂಲ ನೆಲ ಅಮೆಜಾನ್.

ಟೊಮೆ-ಅಸೂನ ಹಳೆಯ ಕೃಷಿಕರು ಈ ವಿಷಯದಲ್ಲಿ ಗಟ್ಟಿ. ಫ್ಯುಸೇರಿಯಂ ಕಂಡವರು ಅವರು. ಬೆಲೆ ಏರಿದ ಬೆಳೆಯನ್ನು ಒಂದೆರಡು ಸಾಲು ಜಾಸ್ತಿ ಹಾಕುತ್ತಾರೆ, ಉಳಿದದ್ದನ್ನು ಕೀಳುವುದಿಲ್ಲ. ಹೊಸದಾಗಿ ಬಂದ ಸಣ್ಣ ರೈತರಿಗೆ ಮಾತ್ರ ಆ ಧೈರ್ಯ ಕಷ್ಟ. ಬ್ಯಾಂಕಿನ ಸಾಲ ಹೆಚ್ಚಾಗಿ ಒಂದು ಬೆಳೆಯ ಲೆಕ್ಕದಲ್ಲೇ ಸಿಗುತ್ತದೆ. ಹತ್ತು ಬೆಳೆಯ ತೋಟಕ್ಕೆ ಸಾಲ ಕೇಳಿದರೆ ಅದನ್ನು ಬರೆಯುವ ಫಾರಂ ಮೊದಲು ಬೇಕು.